ಲಟ್ಟಣಿಗೆ ನಿಂತ ಸಾಲು

ದೆಹಲಿಯ ದ್ವಾರಕಾದ ಕನ್ನಡ ಮನೆಗಳಲ್ಲಿ ಕೇಶವಮೂರ್ತಿಗಳು ಕೇಂದ್ರ ಸರ್ಕಾರದ ನಿವೃತ್ತ ಅಧಿಕಾರಿ ಎಂಬುದು ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ನವೆಂಬರಿನ ರಾಜ್ಯೋತ್ಸವಕ್ಕೆ ನಗೆನಾಟಕ ಬರೆಯುವವರು ಎಂದರೆ ಮಕ್ಕಳಿಗೂ ಗೊತ್ತು. ಜನ್ಮವೆಲ್ಲ ಫೈಲು ತಿರುವಿದ ಮನುಷ್ಯನಿಗೆ ನಗೆ ಎಲ್ಲಿಂದ ಬಂತು ಎಂದು ಕೇಳಿದರೆ, ಫೈಲಿನಿಂದಲೇ ಎನ್ನುತ್ತಿದ್ದರು.

ಆ ನಗೆಗೆ ಒಬ್ಬ ಪರೀಕ್ಷಕರಿದ್ದರು, ಹೆಂಡತಿ ಸರಳಾ. ಆಕೆ ಸಂಜೆ ಚಪಾತಿ ಲಟ್ಟಿಸುವಾಗ ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಬರೆದದ್ದನ್ನು ಓದುವರು. ಸರಳಾ ಬಾಯಿಬಿಟ್ಟು ನಗುವ ಪೈಕಿಯಲ್ಲ. ಸಾಲು ಚೆನ್ನಾಗಿದ್ದರೆ ಲಟ್ಟಣಿಗೆ ಒಂದು ಗಳಿಗೆ ನಿಲ್ಲುತ್ತಿತ್ತು, ಅಷ್ಟೇ. ನಿಲ್ಲದಿದ್ದರೆ ಆ ಸಾಲಿಗೆ ಅಲ್ಲೇ ಎಳ್ಳುನೀರು.

ಆಕೆ ತೀರಿಕೊಂಡ ವರ್ಷ ನಾಟಕ ಇರಲಿಲ್ಲ, ಮರುವರ್ಷವೂ ಇಲ್ಲ. ಈ ಸಲ ಸಂಘದವರ ಒತ್ತಾಯಕ್ಕೆ ಹೂಂ ಎಂದುಬಿಟ್ಟರು. ಬರೆಯಲು ಕೂತಾಗ ಗೊತ್ತಾಯಿತು, ಕೈ ಓಡುತ್ತದೆ, ಆದರೆ ಬರೆದದ್ದಕ್ಕೆ ಯಾರಾದರೂ ನಗುತ್ತಾರೋ ಇಲ್ಲವೋ ತಿಳಿಯುತ್ತಿಲ್ಲ. ಜ್ವರ ಬಿಟ್ಟ ನಾಲಿಗೆಗೆ ಉಪ್ಪು ತಿಳಿಯದ ಹಾಗೆ. ಈ ಬಾರಿ ಆಗದಿದ್ದರೆ ಇನ್ನು ಪೆನ್ನು ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ನಿರ್ಧರಿಸಿದರು. ಪೆನ್ನು ಹೋದರೆ ಸರಳಾಳ ಜೊತೆ ಮಾತಾಡುವ ದಾರಿಯೂ ಹೋಯಿತು ಎಂಬ ಭಯವಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಗ್ರೇಟರ್ ನೋಯ್ಡಾದಿಂದ ಭಾನುವಾರ ಬಂದ ಮಗಳು ಅನನ್ಯಾ ಲ್ಯಾಪ್‌ಟಾಪಿನಲ್ಲಿ ಒಂದು ವೆಬ್‌ಸೈಟ್ ತೆರೆದುಕೊಟ್ಟಳು. "ಅಪ್ಪಾ, ಇಷ್ಟವಾದ ಪೇಜ್‌ನ ಇಲ್ಲಿ ಬುಕ್‌ಮಾರ್ಕ್ ಮಾಡಿ. ಅದನ್ನೇ ಬೇರೆ ಯಾರು ಸೇವ್ ಮಾಡಿದ್ದಾರೆ, ವೋ ಭೀ ದಿಖೇಗಾ. ಅವರ ಪೂರಾ ಕಲೆಕ್ಷನ್ ನೋಡಬಹುದು."

ನಗೆಮಾತು ಬರೆಯುವ ಬಗೆಯನ್ನು ಯಾರೋ ವಿವರಿಸಿದ್ದ ಹಳೆಯ ಕನ್ನಡ ಬ್ಲಾಗೊಂದನ್ನು ಕೇಶವಮೂರ್ತಿ ಬುಕ್‌ಮಾರ್ಕ್ ಮಾಡಿ ಇಟ್ಟುಕೊಂಡರು. ಅದನ್ನು ಇಟ್ಟುಕೊಂಡವರು ಜಗತ್ತಿನಲ್ಲಿ ಇನ್ನೊಬ್ಬರೇ ಇದ್ದರು. 'ಕಿಟಕಿ ಸೀಟು' ಎಂದು ಹೆಸರು. ಗಂಡಸೋ ಹೆಂಗಸೋ, ಯಾವ ಊರೋ, ಏನೂ ಇಲ್ಲ. ಹೆಸರಿನ ಮೇಲೆ ಒತ್ತಿದರೆ ಕಣಜವೇ ತೆರೆಯಿತು. ಸಂಭಾಷಣೆಯ ಪಾಠಗಳು, ಹಳ್ಳಿ ನಾಟಕದ ವಿದೂಷಕರ ಧ್ವನಿಮುದ್ರಣ, ಯಾವುದೋ ಅಪಾರ್ಟ್‌ಮೆಂಟಿನ ದೂರುಪತ್ರಗಳ ಸಂಗ್ರಹ. ಒಂದೊಂದರ ಕೆಳಗೂ ಕನ್ನಡದಲ್ಲಿ ಪುಟ್ಟ ಟಿಪ್ಪಣಿ. 'ನಗು ಬಂದ ಮೇಲೆ ವಿವರಣೆ ಬೇಡ ಅಂತಾರೆ. ನಿಜ. ಓದಿ ಹೇಳಿದೆ, ನಕ್ಕಳು.' 'ಇದು ಜಾಣತನ, ಹಾಸ್ಯವಲ್ಲ. ನಗಲಿಲ್ಲ.'

ಆ 'ಅವಳು' ಎಲ್ಲಿ ನಕ್ಕಿದ್ದಳೋ ಅಲ್ಲೆಲ್ಲ, ಸರಳಾ ಇದ್ದಿದ್ದರೆ, ಆಕೆಯ ಲಟ್ಟಣಿಗೆಯೂ ನಿಲ್ಲುತ್ತಿತ್ತು. ಒಂದೂ ತಪ್ಪಿಲ್ಲ. ಕೇಶವಮೂರ್ತಿಗಳಿಗೆ ಮೊದಲು ಸಂತೋಷವಾಯಿತು, ಆಮೇಲೆ ಯಾಕೋ ಮೈ ಜುಮ್ಮೆಂದಿತು. ಆದರೂ ಟಿಪ್ಪಣಿಯ ಅವಳನ್ನೇ ನಂಬಿ ನಾಟಕ ತಿದ್ದಿದರು. ಸೊಸೈಟಿಯ ಲಿಫ್ಟ್ ರಿಪೇರಿಗೆ ಸಭೆ ಕರೆದಿದ್ದಾರೆ, ಸಭೆಗೆ ಬರಬೇಕಾದ ಕಾರ್ಯದರ್ಶಿ ಲಿಫ್ಟಿನಲ್ಲೇ ಸಿಕ್ಕಿಬಿದ್ದಿದ್ದಾನೆ, ಇದು ಕತೆ.

ಕಿಟಕಿ ಸೀಟಿನವರ ಮೂಲಕ ಅವಳಿಗೊಂದು ನಮಸ್ಕಾರ ಹೇಳಬೇಕೆನಿಸಿ ಮಗಳಿಗೆ ಫೋನು ಮಾಡಿದರು.

"ಅದರಲ್ಲಿ ಮೆಸೇಜ್ ಮಾಡೋಕಾಗಲ್ಲ ಅಪ್ಪಾ. ಚಲೋ, ಕೆಳಗಡೆ ತನಕ ಹೋಗಿ ನೋಡಿ, ಮೊದಲು ಸೇವ್ ಮಾಡಿದ್ದು ಲಾಸ್ಟ್‌ನಲ್ಲಿರುತ್ತೆ. ಹೆಸರೇನಾದರೂ ಬರೆದಿರಬಹುದು."

ಹೋದರು. ಹೆಸರಿರಲಿಲ್ಲ. ಎಲ್ಲಕ್ಕಿಂತ ಮೊದಲಿನ ಟಿಪ್ಪಣಿ ಹೀಗಿತ್ತು. 'ನನ್ನವಳು ಹೋಗಿ ಇವತ್ತಿಗೆ ವರ್ಷ. ಇನ್ನು ನಗಿಸುವಂಥದ್ದು ಏನು ಸಿಕ್ಕರೂ ಇಲ್ಲಿಡುತ್ತೇನೆ. ಸಂಜೆ ಅವಳ ಕುರ್ಚಿಯ ಎದುರು ಕೂತು ಓದುತ್ತೇನೆ.'

ಅಂದರೆ ಮೇಲಿನ ಎಲ್ಲ ನಗುವೂ ಅದರ ನಂತರದ್ದು.

ಕೇಶವಮೂರ್ತಿ ಲ್ಯಾಪ್‌ಟಾಪು ಮುಚ್ಚಿದರು. ಮೊದಲು ಬಂದದ್ದು ಸಿಟ್ಟು. ಸತ್ತವಳ ನಗು ನಂಬಿ ನನ್ನ ಸಾಲುಗಳನ್ನು ಕತ್ತರಿಸಿದೆನಲ್ಲ, ಯಾವನಯ್ಯಾ ನೀನು! ಸಿಟ್ಟು ಇಳಿದ ಮೇಲೆ ಭಯ. ಆ ತೀರ್ಪುಗಳಲ್ಲಿ ಒಂದೂ ತಪ್ಪಿರಲಿಲ್ಲ. ಹಾಗಾದರೆ ನಕ್ಕವರು ಯಾರು?

ಸಂಜೆಯಾಗಿತ್ತು. ಅಡುಗೆಮನೆಯ ಕಿಟಕಿಯಿಂದ ಮೇಲಿನ ಮನೆಯ ಚಪಾತಿ ಮಣೆಯ ಸದ್ದು ಇಳಿದು ಬರುತ್ತಿತ್ತು, ದಿನವೂ ಬರುವಂತೆ. ಆ ಸದ್ದು ಕೇಳಲಾಗದೆ ಅವರು ಆ ಹೊತ್ತಿನಲ್ಲಿ ಟೀವಿ ಹಾಕಿಕೊಳ್ಳುತ್ತಿದ್ದರು. ಇವತ್ತು ಹಾಕಲಿಲ್ಲ. ಹಾಳೆಗಳನ್ನು ಹಿಡಿದು ಬಾಗಿಲಲ್ಲಿ ನಿಂತರು. ಒಲೆ ತಣ್ಣಗಿತ್ತು. ನಾಚಿಕೆಯಾಯಿತು, ಆದರೂ ಓದಿದರು.

ಮೊದಲ ಪುಟಕ್ಕೆ ಮೇಲೆ ಸದ್ದು ನಿಲ್ಲಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದನ್ನು ತೆಗೆದರು.

"ಕಾರ್ಯದರ್ಶಿಗಳನ್ನು ಲಿಫ್ಟಿನಿಂದ ಹೊರಗೆ ತೆಗೆಯೋದಕ್ಕೆ ಠರಾವು ಬೇಕು ಸ್ವಾಮೀ."

"ಮಾಡಿ ಮತ್ತೆ!"

"ಠರಾವಿಗೆ ಕಾರ್ಯದರ್ಶಿಗಳ ಸಹಿ ಬೇಕು."

ಲಟ್ಟಣಿಗೆ ನಿಂತಿತು.

ಮೇಲಿನ ಮನೆಯವರು ಪಂಜಾಬಿಗಳು, ಕನ್ನಡದ ಒಂದಕ್ಷರ ಬಾರದು. ಒಂದು ಚಪಾತಿ ಮುಗಿದಿರಬೇಕು, ತವಾಕ್ಕೆ ಹಾಕುತ್ತಿರಬೇಕು. ಇಷ್ಟೆಲ್ಲ ಕೇಶವಮೂರ್ತಿಗಳಿಗೆ ಗೊತ್ತಿತ್ತು. ಸದ್ದು ಮತ್ತೆ ಶುರುವಾಗುವವರೆಗೂ ಅವರು ಉಸಿರು ಬಿಡಲಿಲ್ಲ.

ಆ ಸಾಲಿನ ಕೆಳಗೆ ವಿವರಣೆಯ ಇನ್ನೊಂದು ಮಾತು ಬಾಕಿಯಿತ್ತು. ಅದನ್ನು ಹೊಡೆದುಹಾಕಿದರು. ಆಮೇಲೆ ಲ್ಯಾಪ್‌ಟಾಪು ತೆರೆದು, ಕಿಟಕಿ ಸೀಟಿನವರೂ ತಾವೂ ಇಬ್ಬರೇ ಇಟ್ಟುಕೊಂಡಿದ್ದ ಆ ಹಳೆಯ ಬ್ಲಾಗಿಗೆ ತಮ್ಮದೂ ಒಂದು ಟಿಪ್ಪಣಿ ಸೇರಿಸಿದರು. 'ಓದಿ ಹೇಳಿದೆ. ನಮ್ಮ ಮನೆಯಲ್ಲೂ ನಕ್ಕಳು.'