ಬಾಣಂತಿ ಕೋಣೆಗೆ ಬಂಗಲೆಯ ಕಿಟಕಿ

ಹನಗೋಡಿನ ನಮ್ಮ ಮನೆಯ ಬಾಣಂತಿ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದರ ಹಲಗೆಗಳನ್ನು ಗೆದ್ದಲು ತಿಂದಿತ್ತು, ಸಂದುಗಳಲ್ಲಿ ಬೆರಳು ತೂರುತ್ತಿತ್ತು. ಐವತ್ತರ ದಶಕದ ನಡುವಿನ ಒಂದು ಮಾರ್ಗಶಿರ ಅದು. ಹೊಳೆಯ ಕಡೆಯಿಂದ ಮಂಜು ಬಂದು ಕೂತರೆ ಹೊತ್ತೇರುವವರೆಗೂ ಹಿತ್ತಿಲಿನ ಹುಲ್ಲುಮೆದೆ ಕಾಣುತ್ತಿರಲಿಲ್ಲ. ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ಸಂಜೆ ಅಜ್ಜಿ ಕಿಟಕಿಯ ಹತ್ತಿರ ಹಣತೆ ಹಿಡಿದಳು. ಕುಡಿ ಒಳಕ್ಕೆ ಬಾಗಿತು.

"ನೋಡ್ಲಾ, ದೀಪುಕ್ಕೇ ಚಳಿ ಆಯ್ತದೆ. ಇನ್ನು ಬಾಣ್ತಿ ಗತಿ ಏನು?" ಎಂದು ಅಪ್ಪನನ್ನು ಕೇಳಿದಳು.

ಊರಿನ ಆಚಾರಿ ಹೊನ್ನೆ ಹಲಗೆಯಲ್ಲಿ ಹೊಸದು ಮಾಡಿಕೊಡುತ್ತೇನೆಂದ. ಹಸಿ ಮರ, ಬೇಸಿಗೆಗೆ ಮತ್ತೆ ಬಿರಿಯುತ್ತದೆ ಎಂದು ಅಪ್ಪನಿಗೆ ಅನುಮಾನ. ಅಷ್ಟರಲ್ಲಿ ಪಿರಿಯಾಪಟ್ಟಣದಿಂದಾಚೆ, ಕೊಡಗಿನ ಗಡಿಯ ಹತ್ತಿರ, ಕಾಫಿತೋಟದ ಹಳೆಯ ಬಂಗಲೆಯೊಂದನ್ನು ಕೆಡವಿ ಮರಮುಟ್ಟು ಮಾರುತ್ತಿದ್ದಾರೆ ಎಂಬ ಸುದ್ದಿ ಬಂತು. ಅಪ್ಪ ಗಾಡಿ ಕಟ್ಟಿಸಿದ. ನಾನು ಆಗ ಮದುವೆಯ ವಯಸ್ಸಿನವಳು. ಹಠ ಹಿಡಿದು ಜೊತೆಗೆ ಹೋದೆ.

ಬಂಗಲೆ ಅರ್ಧ ನಿಂತಿತ್ತು. ಕಿಟಕಿಗಳು ಗಾಜಿನವು. ಎರಡು ಬಾಗಿಲು ಒಂದರ ಅಂಚಿನ ಮೇಲೊಂದು ಕೂತು, ಸಂದೇ ಇಲ್ಲದಂತೆ ಮುಚ್ಚಿಕೊಳ್ಳುತ್ತಿದ್ದವು.

"ಇದ್ನ ಮುಚ್ಚುದ್ರೆ ಇರುವೆನೂ ಒಳಿಕ್ ಬರಾಕಿಲ್ಲ ಕಣ್ರೀ ಯಜಮಾನ್ರೇ," ಎಂದ ಕಾವಲಿನವನು.

"ಮತ್ತೆ ನಿಮ್ ಸಾಹೇಬ್ರು ಎಂಗ್ಲಾ ಆಚಿಗ್ ಓದ್ರು?"

"ಅವ್ರು ಬಾಗ್ಲಲ್ಲೇ ಓದ್ರು ಬುಡಿ. ಸೀದಾ ಅವ್ರ ಸೀಮೆಗೇ ಓದ್ರು."

ಅಪ್ಪ ನಗುತ್ತ ಕಿಟಕಿ ತೆಗೆದು ಮುಚ್ಚಿ ನೋಡುತ್ತಿದ್ದಾಗ ನಾನು ಗೋಡೆಯಲ್ಲಿದ್ದ ಕಲ್ಲಿನ ಗೂಡೊಂದರೊಳಗೆ ಬಗ್ಗಿದೆ. ಮೇಲೆ ಚೌಕಾಕಾರದ ಆಕಾಶ ಕಂಡಿತು. ಕೈಗೆಲ್ಲ ಮಸಿ ಹತ್ತಿತು.

"ಅದು ಗೋಡೆ ಒಲೆ ಕಣವ್ವ. ಚಳೀಗೆ ಬೆಂಕಿ ಆಕ್ಕತಿದ್ರು. ಸೀರೆ ಮಸಿ ಮಾಡ್ಕಬ್ಯಾಡ, ಬಾ. ನಮ್ಗೆ ಬೇಕಾಗಿರದು ಕಿಟ್ಕಿ," ಎಂದ ಅಪ್ಪ.

ಆಚಾರಿ ಹಳೆಯ ಚೌಕಟ್ಟು ಕಿತ್ತು, ಗೋಡೆ ಸ್ವಲ್ಪ ಕಡಿದು ಹೊಸದನ್ನು ಕೂರಿಸಿದ. ಸುತ್ತ ಗಾರೆ ಮೆತ್ತಿದ. ಗಾಜಿನಲ್ಲಿ ದಾರಿಹೋಕರ ಕಣ್ಣು ಬಾಣಂತಿಯ ಮೇಲೆ ಬೀಳುತ್ತದೆಂದು ಅಜ್ಜಿ ಅದಕ್ಕೆ ಒಳಗಿನಿಂದ ಸುಣ್ಣ ಬಳಿಸಿದಳು. ಆಮೇಲೆ ಹಣತೆ ಹಿಡಿದಳು. ಕುಡಿ ನೆಟ್ಟಗೆ ನಿಂತಿತು. ನಾವೆಲ್ಲ ಹಿಗ್ಗಿದೆವು.

ಅಕ್ಕನಿಗೆ ಹೆಣ್ಣು ಮಗುವಾಯಿತು. ನಮ್ಮಲ್ಲಿ ಬಾಣಂತಿಗೆ ಎಣ್ಣೆನೀರು ಹಾಕಿದ ಮೇಲೆ ತಲೆಗೆ ಬಟ್ಟೆ ಸುತ್ತಿ, ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡ ಇಟ್ಟು, ಬಾಗಿಲು ಮುಚ್ಚಿ ಬೆವರಿಸುವುದು ವಾಡಿಕೆ. ಅವ್ವ ನಮ್ಮನ್ನು ಹೆತ್ತಾಗಲೂ ಅದೇ ಕೋಣೆಯಲ್ಲಿ ಹಾಗೆಯೇ ಮಾಡಿದ್ದರು. ಹೆರಿಗೆಯಾದ ಕೆಲವು ದಿನಕ್ಕೆ ಒಂದು ಬೆಳಿಗ್ಗೆ ಮಂಜು ಹೆಚ್ಚಾಗಿತ್ತು. ಅಜ್ಜಿ ಕೆಂಡವನ್ನು ದಂಡಿಯಾಗಿ ತುಂಬಿಸಿ, ಬಾಗಿಲಿಗೆ ಕಂಬಳಿಯನ್ನೂ ಇಳಿಬಿಟ್ಟಳು. ಮೇಲೆ ಹಲಗೆಗೆ ಮಣ್ಣು ಮೆತ್ತಿದ ಅಟ್ಟ.

ಮೆಣಸಿನ ಸಾರು ಆದ ಮೇಲೆ ನಾನು ಚೊಂಬಿನಲ್ಲಿ ತೆಗೆದುಕೊಂಡು ಹೋದೆ. "ಅಕ್ಕಾ" ಎಂದೆ. ಅಕ್ಕನ ಕಣ್ಣು ಅರ್ಧ ತೆರೆದಿತ್ತು. ಕೆನ್ನೆ ಕೆಂಪಗಿತ್ತು, ಚೆನ್ನಾಗಿ ನಿದ್ದೆ ಮಾಡಿದವರ ಹಾಗೆ. ಭುಜ ಹಿಡಿದು ಅಲುಗಿಸಿದೆ. ಕೈ ಜಾರಿ ಮಂಚದಿಂದ ಕೆಳಗೆ ಬಿತ್ತು. ಮಗ್ಗುಲಲ್ಲಿ ಮಗು. ಹಾಲಿಗೆ ಅಳುವ ಹೊತ್ತು ಅದು. ಅಳುತ್ತಿರಲಿಲ್ಲ.

ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ತಲೆ ತಿರುಗುತ್ತಿತ್ತು. ಕಿಟಕಿಯ ಚಿಲಕ ಏಳಲಿಲ್ಲ. ಚೊಂಬಿನಿಂದ ಗಾಜಿಗೆ ಹೊಡೆದೆ. ಸಾರು ನನ್ನ ಕೈ ಸುಟ್ಟಿತ್ತು ಎಂದು ತಿಳಿದದ್ದು ಮಾರನೆಯ ದಿನ.

ಅಪ್ಪ ಓಡಿಬಂದು ಅಕ್ಕನನ್ನು ಎತ್ತಿಕೊಂಡ. ಮಗು ನನ್ನ ತೋಳಿನಲ್ಲಿತ್ತು. ಅಜ್ಜಿ ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿದಳು.

"ಗಾಳಿಗೆ ತರ್ಬ್ಯಾಡ್ಲಾ! ಅಸಿ ಬಾಣ್ತಿ ಕಣ್ಲಾ, ಸತ್ತೋಯ್ತಳೆ!"

"ದಾರಿ ಬುಡವ್ವ!" ಅಪ್ಪ ತನ್ನ ತಾಯಿಗೆ ಹಾಗೆ ಗದರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಹಿತ್ತಿಲಿನ ಮಂಜಿನಲ್ಲಿ, ತಣ್ಣಗಿನ ಚಪ್ಪಡಿಯ ಮೇಲೆ ಅಕ್ಕನನ್ನು ಮಲಗಿಸಿದರು. ಯಾವ ಚಳಿಗೆ ಹೆದರಿ ಗಾಡಿ ಕಟ್ಟಿಸಿಕೊಂಡು ಅಷ್ಟು ದೂರ ಹೋಗಿದ್ದೆವೋ, ಅದೇ ಚಳಿ ಮಗುವಿನ ಮುಖಕ್ಕೆ ಬಡಿಯಿತು. ಮಗು ಮುಖ ಕಿವುಚಿತು. ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಇನ್ನೊಮ್ಮೆ ತೆರೆಯಿತು. ಆಗ ಅತ್ತಿತು. ಎಷ್ಟೋ ಹೊತ್ತಿನ ಮೇಲೆ ಅಕ್ಕ ವಾಂತಿ ಮಾಡಿಕೊಂಡು, "ತಲೆ ಸಿಡೀತದೆ ಕಣವ್ವ" ಎಂದಳು. ಅವ್ವ ಸೆರಗಿನಿಂದ ಅವಳ ಬಾಯಿ ಒರೆಸಿದಳು.

ಆ ಮಧ್ಯಾಹ್ನ ಯಾರೂ ಸರಿಯಾಗಿ ಉಣ್ಣಲಿಲ್ಲ. ಅಪ್ಪ ಒಡೆದ ಗಾಜಿನ ಮುಂದೆ ನಿಂತೇ ಇದ್ದ. ನನ್ನ ಕಡೆ ತಿರುಗಿ, "ಆ ಗೋಡೆ ಒಲೆ ಒಳಗೆ ಬಗ್ಗುದ್ಯಲ್ಲ, ಮ್ಯಾಲೆ ಏನವ್ವ ಕಾಣ್ತಿತ್ತು?" ಎಂದು ಕೇಳಿದ.

"ಆಕಾಶ," ಎಂದೆ.

"ಅವ್ರು ಬೆಂಕಿ ಉಸ್ರು ಆಚಿಗ್ ಓಗಾಕೆ ದಾರಿ ಮಡಗಿದ್ರು, ನಾವು ಇದ್ದ ಸಂದೂ ಮುಚ್ಚುದೊ," ಎಂದ ಅಪ್ಪ. ಮಿಕ್ಕ ಗಾಜಿನ ಚೂರುಗಳನ್ನೂ ಚೌಕಟ್ಟಿನಿಂದ ಒಂದೊಂದಾಗಿ ಕಿತ್ತ.

ಆ ತೂತಿಗೆ ಮತ್ತೆ ಗಾಜು ಹಾಕಿಸಲಿಲ್ಲ. ಅಕ್ಕ ಗಂಡನ ಮನೆಗೆ ಹೋಗುವವರೆಗೂ ಅಜ್ಜಿ ಸಂಜೆ ಹಣತೆ ಹಚ್ಚಿ ಅದರ ಕೆಳಗೆ ಇಟ್ಟು, ಅಲ್ಲೇ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಗಾಳಿ ಅಡಗಿ ಕುಡಿ ಎಲ್ಲಾದರೂ ನೆಟ್ಟಗೆ ನಿಂತಿತೋ, ಅವಳ ಕೂಗು ಬೀದಿಗೆ ಕೇಳುತ್ತಿತ್ತು:

"ಬಾಗ್ಲು ತಗೀರ್ರೇ! ದೀಪ ಅಳ್ಳಾಡ್ತಿಲ್ಲ ಕಣ್ರೇ, ಬಾಗ್ಲು ತಗೀರಿ!"