ಹಿಂದಿನಿಂದ ಮುಟ್ಟಬಾರದ ಹುಡುಗಿ

ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಆಕ್ಷನ್ನೂ ಅದರ ಬೆನ್ನಿಗೆ ಎದ್ದ ಗಲಭೆಯೂ ಮುಗಿದು ಮೂರ್ನಾಲ್ಕು ವರ್ಷವಾಗಿತ್ತು. ಉದಗೀರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಹೊಸ ಶಿಕ್ಷಕಿ. ಒಂದು ಮಧ್ಯಾಹ್ನ ಐದನೆಯ ತರಗತಿಯ ಹುಡುಗಿಯೊಬ್ಬಳು ಜೊತೆಯವಳ ಕಣ್ಣನ್ನು ಆಟಕ್ಕೆಂದು ಹಿಂದಿನಿಂದ ಮುಚ್ಚಿದಳು. ಮುಚ್ಚಿಸಿಕೊಂಡವಳು ಕೈಯಲ್ಲಿದ್ದ ಪಾಟಿಯನ್ನು ಗೋಡೆಗೆ ಬಡಿದು, ಒಡೆದ ಚೂರಿನಿಂದ ಆ ಹುಡುಗಿಯ ಕೆನ್ನೆ ಸೀಳಿದಳು. ಬಿಡಿಸಹೋದ ನನ್ನ ಮುಂಗೈಯನ್ನು ಕಚ್ಚಿದಳು. ಹೆಡ್ ಮಾಸ್ತರರು ಛಡಿಯಿಂದ ಹೊಡೆದರೆ ಅಳಲಿಲ್ಲ. ಛಡಿ ಕಿತ್ತುಕೊಂಡು ಅವರಿಗೇ ಬೀಸಿದಳು.

"ಹೆಸರ ಹೊಡದು ಹಾಕ್ತೀನಿ. ಇದು ಸಾಲಿ ಅದ, ಜೇಲ್ ಅಲ್ಲ," ಎಂದರು ಅವರು.

"ಸ್ವಲ್ಪ ದಿನ ನನ್ನ ಕೈಯಾಗ ಬಿಡ್ರಿ. ಸಾಲಿ ಬಿಟ್ಟ ಮ್ಯಾಲ ಆಕಿನ್ನ ಒಬ್ಬಾಕಿನ್ನೇ ಕುಂಡ್ರಿಸ್ಕೊಂಡು ಮಾತಾಡ್ತೀನಿ," ಎಂದೆ.

"ಗದ್ಲದಾಗ ಎಲ್ಲಾ ಹುಡುಗ್ಯಾರೂ ಹೆಣ ನೋಡ್ಯಾರ್ರೀ. ಈಕಿ ಒಬ್ಬಾಕಿಗೇ ಯಾಕ?"

"ಉಳಿದವ್ರು ಹೇಳ್ಕೊಂಡು ಅಳ್ತಾರ್ರೀ, ಅವ್ರಿಗೆ ಗೆಳತ್ಯಾರು ಸಾಕು. ಈಕಿ ಬಾಯಿ ಬಿಡಂಗಿಲ್ಲ, ಹೊಡೀತಾಳ. ಅದೂ ಹಿಂದಿಂದ ಮುಟ್ಟಿದಾಗೇ ಶುರು ಆಗ್ತದ, ಮೊದ್ಲೂ ನೋಡೀನಿ."

ಅವರು ಛಡಿಯನ್ನು ಮೇಜಿನ ಮೇಲೆ ಒಗೆದರು. "ದೀಪಾವಳಿ ತನಕಾ ನೋಡೂಣು. ಮತ್ತ ರಕ್ತ ಬಂದ್ರ ನಾ ಕೇಳಂಗಿಲ್ಲ."

ಶಾಲೆಯ ಬೇವಿನ ಮರದ ಕೆಳಗೆ ನಾನು ಅವಳಿಗೆ ಕಾಣುವಂತೆ ಎದುರಿಗೇ ಕೂರುತ್ತಿದ್ದೆ. ಬಹಳ ದಿನ ಅವಳು ಕಲ್ಲಿನಿಂದ ನೆಲ ಕುಕ್ಕುತ್ತಲೇ ಇದ್ದಳು. ಒಂದು ಸಂಜೆ, ನಾನು ಏನೂ ಕೇಳದಿದ್ದಾಗ, ತಲೆ ಎತ್ತದೆಯೇ ಶುರುಮಾಡಿದಳು.

"ಅವ್ವ ನನ್ನ ನೆಲದಾಗಿನ ಜ್ವಾಳದ ಹಗೇವದಾಗ ಇಳಿಸಿಕೊಂಡಿದ್ಳು. ಹಿಂದಿಂದ ಕಣ್ಣು, ಬಾಯಿ ಗಟ್ಟಿ ಮುಚ್ಚಿದ್ಳು. ಮ್ಯಾಲ ಅಪ್ಪ ಒದರ್ಲಿಕತ್ತಿದ್ದ. ಆಮ್ಯಾಲ ಒದರೂದು ನಿಂತ್ತು. ಕೊಡ್ಲಿ ನಿಂದ್ರಲಿಲ್ಲ. ಅವ್ವ ಕೈ ತಗೀಲಿಲ್ಲ."

ಕೊಂದವರು ಯಾರೆಂದು ನಾನು ಕೇಳಲಿಲ್ಲ. ಕೇಳುವಷ್ಟು ಹೊತ್ತೂ ಇರಲಿಲ್ಲ. ಅವಳು ನನ್ನ ಮೇಲೆ ಬಿದ್ದು ಮುಖ, ಎದೆ ಎನ್ನದೆ ಗುದ್ದತೊಡಗಿದಳು. ತುಟಿ ಒಡೆದು ಬಾಯಲ್ಲಿ ರಕ್ತದ ರುಚಿ ಬಂತು. ಹಿಡಿದರೆ ಮತ್ತೆ ಆ ಹಗೇವದ ಕತ್ತಲಿಗೇ ಇಳಿದಾಳೆಂದು ಹೆದರಿ ಅವಳ ಕೈ ಹಿಡಿಯಲಿಲ್ಲ. ದಣಿದ ಮೇಲೆ ನನ್ನ ತುಟಿ ನೋಡಿದಳು.

"ನೋವಾತೇನ್ರಿ, ಅಕ್ಕೋರ?"

"ಹೂಂ, ಭಾಳ ಆತು."

ಆಗ ಅಳು ಬಂತು ಅವಳಿಗೆ. ಕತ್ತಲಾಗುವವರೆಗೂ ಅತ್ತಳು.

ಅವಳೇನೂ ಸಾಧುವಾಗಲಿಲ್ಲ. ದೀಪಾವಳಿಗೆ ಮುಂಚೆಯೇ ಇನ್ನೊಬ್ಬಳ ಜಡೆ ಹಿಡಿದು ಗೋಡೆಗೆ ತಳ್ಳಿದಳು. ಆದರೆ ಅರ್ಧಕ್ಕೇ ಬಿಟ್ಟು ನನ್ನ ಬಳಿ ಓಡಿಬಂದು, "ಅಕ್ಕೋರ, ಕೈ ಉರೀಲಿಕತ್ತದ, ಹಿಡೀರಿ," ಎಂದು ಎರಡೂ ಕೈ ಚಾಚಿದಳು. ಹೆಡ್ ಮಾಸ್ತರರು ಬಾಗಿಲಲ್ಲಿ ನಿಂತು ಅದನ್ನು ನೋಡಿದರು. ಹೆಸರು ಹೊಡೆಯುವ ಮಾತು ಮತ್ತೆ ಎತ್ತಲಿಲ್ಲ.

ಮರುವರ್ಷ ತಾಯಿ ಅವಳನ್ನು ನಿಲಂಗಾದ ಸೋದರಮಾವನ ಮನೆಗೆ ಕರೆದೊಯ್ದಳು. ಕೆನ್ನೆ ಸೀಳಿಸಿಕೊಂಡ ಹುಡುಗಿ ಅಲ್ಲಿಯವರೆಗೂ ಅವಳ ಪಕ್ಕ ಕೂರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.