ತನ್ನ ನೀರಿನಲ್ಲೇ ಉಳಿದ ಹರಳು

ಸತ್ತವರು ಬಂದು ಹೋಗುತ್ತಾರೆ ಅನ್ನುವುದನ್ನೆಲ್ಲ ನಾನು ನಂಬಿದವನಲ್ಲ. ಯಾರಾದರೂ ಅಂಥ ಕತೆ ತೆಗೆದರೆ, "ರಾತ್ರಿ ಊಟ ಹೆಚ್ಚಾಗಿತ್ತೇನೋ" ಎಂದು ನಗುತ್ತಿದ್ದೆ. ಈಗ ಹಾಗೆ ನಗುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ. ಹಂಪಿಯ ನಮ್ಮ ಮನೆಯಲ್ಲಿ, ಅದೂ ಹಾಡುಹಗಲಲ್ಲಿ, ನನ್ನ ಕಣ್ಣಿಗೆ ಬಿದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಓದಿದವರಿಗೆ ಕಾರಣ ಹೊಳೆದರೆ ದಯವಿಟ್ಟು ನನಗೂ ತಿಳಿಸಲಿ.

ಆಗಿನ್ನೂ ನಮ್ಮ ಕಡೆಗೆ ಮದ್ರಾಸ್ ಸರ್ಕಾರವಿತ್ತು. ನಾನು ಮದ್ರಾಸಿನಲ್ಲಿ ಒಬ್ಬ ಪ್ರೊಫೆಸರರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದೆ. ಒಂದು ಹರಳಿನ ಮೂಲಕ ಎಕ್ಸ್-ರೇ ಕಿರಣ ಹಾಯಿಸಿದರೆ ಹಿಂದಿಟ್ಟ ಫಿಲ್ಮಿನ ಮೇಲೆ ಚುಕ್ಕೆಗಳು ಮೂಡುತ್ತವೆ. ಆ ಚುಕ್ಕೆಗಳನ್ನು ಅಳೆದು ಲೆಕ್ಕ ಹಾಕಿದರೆ ಹರಳಿನೊಳಗಿನ ಜೋಡಣೆ ತಿಳಿಯುತ್ತದೆ. ಸಂಡೂರಿನ ಗಣಿಯಿಂದ ತಂದ ಅದಿರಿನ ಹರಳುಗಳ ಮೇಲೆ ಈ ಕೆಲಸ ಮಾಡಿ ಶಭಾಷ್ ಅನ್ನಿಸಿಕೊಂಡಿದ್ದೆ. ಆ ಗತ್ತಿನಲ್ಲೇ ಪರಂಗಿ ಹಾಲಿಗೆ ಕೈ ಹಾಕಿದೆ.

ಎಳೆ ಪರಂಗಿ ಕಾಯಿಯನ್ನು ಗೀರಿದರೆ ಸುರಿಯುವ ಹಾಲಿನಲ್ಲಿ ಒಂದು ಕಿಣ್ವವಿದೆ. ಮಾಂಸವನ್ನು ಮೆತ್ತಗೆ ಮಾಡುವುದು ಅದೇ. ಅದನ್ನು ಹರಳುಗಟ್ಟಿಸಿ ಫಿಲ್ಮಿನ ಮೇಲೆ ಹಿಡಿಯಬೇಕೆಂಬುದು ನನ್ನ ಹಟ. ಕಷ್ಟಪಟ್ಟು ಹರಳು ಬರಿಸಿದೆ. ಅದಿರಿನ ಹರಳಿಗೆ ಮಾಡುತ್ತಿದ್ದಂತೆ ಒರೆಸಿ, ಒಣಗಿಸಿ, ಕಿರಣಕ್ಕೆ ಹಿಡಿದೆ. ಫಿಲ್ಮಿನ ಮೇಲೆ ಬರೀ ಮಬ್ಬು, ಒಂದು ಚುಕ್ಕೆಯೂ ಇಲ್ಲ. ಎರಡನೆಯ ಸಲವೂ ಅದೇ ಹಾಡು. ಸರಿಯಾಗಿ ಒಣಗಿಲ್ಲ ಅಂತ ನಾನು ತೀರ್ಮಾನಿಸಿದೆ. ಪ್ರೊಫೆಸರರೂ ಹೌದೆಂದು ತಲೆಯಾಡಿಸಿದರು. ಇನ್ನೊಂದೇ ಸಲ ನೋಡೋಣ, ಆಗದಿದ್ದರೆ ನಿನ್ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತೇನೆ ಎಂದು ಮುಖದ ಮೇಲೆ ಹೇಳಿದರು. ಅತ್ತ ಸಂಡೂರಿನಲ್ಲಿ ನಮ್ಮಪ್ಪ ನನಗಾಗಿ ಗಣಿ ಆಫೀಸಿನಲ್ಲಿ ಒಂದು ಗುಮಾಸ್ತೆ ಕುರ್ಚಿ ಹುಡುಕಿಟ್ಟು ಕಾಯುತ್ತಿದ್ದರು. ಆ ಕುರ್ಚಿ ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ಹಾಲು ತಾಜಾ ಇರಬೇಕು, ಜಾಗ ತಣ್ಣಗಿರಬೇಕು. ಹಾಗಾಗಿ ಊರಿಗೇ ಬಂದೆ. ಕಂಪ್ಲಿಯಲ್ಲಿ ಪರಿಚಯದ ಗೌಡರ ತೋಟವಿತ್ತು, ಹೊಳೆ ಕಾಲುವೆಯ ಪಕ್ಕದಲ್ಲಿ. "ಎಲ್ಲಾರೂ ಹಣ್ಣು ಕೇಳ್ತಾರ, ನೀವೊಬ್ರು ಹಾಲು ಕೇಳ್ತೀರಲ್ರೀ! ಒಯ್ರಿ, ಭಾಳ ಐತಿ" ಎಂದು ಗೌಡರು ನಕ್ಕು ಕೊಟ್ಟರು. ಹಂಪಿಯ ಮನೆಯ ದೇವರಕೋಣೆಯ ಹಿಂದೆ ಒಂದು ಕಲ್ಲುಕೋಣೆ. ಕಿಟಕಿಯಿಲ್ಲ, ಅಂಗೈ ಅಗಲದ ಬೆಳಕಿಂಡಿ ಒಂದೇ. ಸಂಕ್ರಾಂತಿಗೆ ಮುಂಚಿನ ಚಳಿ ಬೇರೆ. ಅಲ್ಲಿ ಹಾಲನ್ನು ಸೋಸಿ ಉಪ್ಪು ಬೆರೆಸಿದ ತಿಳಿಯಲ್ಲಿ, ಒಂದು ಗಾಜಿನ ಬೋಗುಣಿಯೊಳಗೆ, ಕೆಲವು ವಾರಗಳಲ್ಲಿ ಏಳೆಂಟು ಹರಳುಗಳು ಕಟ್ಟಿದವು. ಒಂದಂತೂ ಅಕ್ಕಿ ನುಚ್ಚಿನಷ್ಟು ದೊಡ್ಡದು, ಕಣ್ಣೀರಿನಷ್ಟು ತಿಳಿ. ಅದನ್ನು ನೋಡಿ ನಾನು ಒಬ್ಬನೇ ಕುಣಿದದ್ದುಂಟು.

ಆ ಮನೆಯಲ್ಲಿ ಆಗ ಇದ್ದವರು ನಮ್ಮ ದೊಡ್ಡಮ್ಮ ಒಬ್ಬರೇ. ಕಣ್ಣು ಮಂಜಾಗಿ ಗೋಡೆ ಹಿಡಿದು ಓಡಾಡುತ್ತಿದ್ದರು. ದೊಡ್ಡಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅವರದೊಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಪರವೂರಿಗೆ ಹೊರಟರೆ ಸಾಲಿಗ್ರಾಮವನ್ನು ಒಂದು ಪುಟ್ಟ ಕಲ್ಲಿನ ಬಟ್ಟಲಲ್ಲಿಟ್ಟು, ಅದು ಮುಳುಗುವಷ್ಟು ನೀರು ಹಾಕಿ, ಮೇಲೊಂದು ತುಳಸಿದಳ ಬಿಟ್ಟು ಹೋಗುತ್ತಿದ್ದರು. ಬಾವಿಯ ನೀರಲ್ಲ, ಅದಕ್ಕೇ ಅಭಿಷೇಕ ಮಾಡಿದ ನೀರು. ನಾನು ಚಿಕ್ಕವನಿದ್ದಾಗ ಯಾಕೆ ಎಂದು ಕೇಳಿದರೆ, "ತನ್ನ ನೀರಿನಾಗ ತಾ ಇರಬೇಕಪ್ಪ, ಒಣಗಿಸಬಾರದು" ಎನ್ನುತ್ತಿದ್ದರು. ಅವರು ಹೋದ ಮೇಲೆ ಸಾಲಿಗ್ರಾಮ ನಮ್ಮಪ್ಪನ ಜೊತೆ ಸಂಡೂರಿಗೆ ಹೋಯಿತು. ಬಟ್ಟಲು ಮಾತ್ರ ದೇವರಕೋಣೆಯ ಗೂಡಿನಲ್ಲಿ ಖಾಲಿ ಬಿದ್ದಿತ್ತು. ನನಗೆ ಅದರ ನೆನಪೂ ಇರಲಿಲ್ಲ.

ಆ ದಿನ ಬೆಳಿಗ್ಗೆ ಹರಳುಗಳನ್ನೆಲ್ಲ ಎತ್ತಿ, ನೀರು ಹೀರುವ ಒತ್ತುಕಾಗದದ ಮೇಲೆ ಹರವಿದೆ. ಈ ಸಲ ಚೆನ್ನಾಗಿ ಒಣಗಲಿ ಎಂದು ಬೆಳಕಿಂಡಿಯ ಗಾಳಿಗೇ ಇಟ್ಟೆ. ಬೋಗುಣಿಯಲ್ಲಿ ಉಳಿದ ತಿಳಿಯನ್ನು ಹಿತ್ತಲ ಬಂಡೆಯ ಮೇಲೆ ಚೆಲ್ಲಿದೆ. ಬೋಗುಣಿಯನ್ನು ತೊಳೆದು ಬೋರಲು ಹಾಕಿದೆ. ಕೋಣೆಗೆ ಬೀಗ ಜಡಿದು ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡೆ. ಹರಳು ಸಿದ್ಧ, ಹೊರಟು ಬರುತ್ತೇನೆ ಎಂದು ಪ್ರೊಫೆಸರರಿಗೆ ತಂತಿ ಕೊಡಲು ಜಟಕಾ ಹತ್ತಿ ಹೊಸಪೇಟೆಗೆ ಹೋದೆ. ಇದಿಷ್ಟೂ ನನಗೆ ಇವತ್ತಿಗೂ ನಿನ್ನೆ ಮಾಡಿದಷ್ಟು ಚೆನ್ನಾಗಿ ನೆನಪಿದೆ.

ಮಧ್ಯಾಹ್ನ ತಿರುಗಿ ಬಂದು ಬೀಗ ತೆಗೆದೆ. ಒತ್ತುಕಾಗದದ ಮೇಲೆ ಹರಳುಗಳಿದ್ದವು, ದೊಡ್ಡದು ಮಾತ್ರ ಇರಲಿಲ್ಲ. ಇಲಿ ತಿಂದಿತೇ, ಇರುವೆ ಎಳೆಯಿತೇ ಎಂದು ನೆಲಕ್ಕೆ ಮೂಗು ತಾಗಿಸಿ ಹುಡುಕಿದೆ. ತಲೆ ಎತ್ತಿದಾಗ ಬೆಳಕಿಂಡಿಯ ಕೆಳಗೆ ಕಂಡದ್ದು ದೊಡ್ಡಪ್ಪನ ಕಲ್ಲಿನ ಬಟ್ಟಲು. ತುಂಬ ನೀರು, ಮೇಲೆ ಹಸಿ ತುಳಸಿದಳ. ದಳ ಸರಿಸಿದರೆ ತಳದಲ್ಲಿ ನನ್ನ ಹರಳು!

ಮೊದಲು ಬಂದದ್ದು ಸಿಟ್ಟೇ. ಬರೀ ನೀರಿಗೆ ಬಿದ್ದರೆ ಆ ಹರಳು ಸಕ್ಕರೆಯ ಹಾಗೆ ಕರಗಿಹೋಗಬೇಕು. ಮುದುಕಿ ಎಲ್ಲ ಹಾಳು ಮಾಡಿದಳು ಎಂದುಕೊಂಡೆ. ಆದರೆ ಅದು ಕರಗಿರಲಿಲ್ಲ. ಬೆರಳದ್ದಿ ನಾಲಿಗೆಗೆ ಹಚ್ಚಿದೆ: ಉಪ್ಪು, ಅದರ ಹಿಂದೆ ಪರಂಗಿ ಹಾಲಿನ ಕಹಿ. ಬೆಳಿಗ್ಗೆ ನನ್ನ ಕೈಯಾರೆ ಚೆಲ್ಲಿದ ತಿಳಿ! ಹಿತ್ತಲಿಗೆ ಓಡಿದೆ. ಬಂಡೆಯ ಮೇಲೆ ಚೆಲ್ಲಿದಷ್ಟಗಲಕ್ಕೂ ಬಿಳಿ ಉಪ್ಪಿನ ಕಲೆ ಒಣಗಿ ನಿಂತಿತ್ತು. ಬೋಗುಣಿ ಇಟ್ಟ ಹಾಗೇ ಬೋರಲು ಬಿದ್ದಿತ್ತು. ಒಳಗೆ ಬಂದು ಭೂತಗನ್ನಡಿ ಹಿಡಿದು ನೋಡಿದೆ. ಕಾಗದದ ಮೇಲಿನ ಹರಳುಗಳೆಲ್ಲ ಸುಣ್ಣದ ಹಾಗೆ ಬೆಳ್ಳಗಾಗಿ ಬಿರುಕು ಬಿಟ್ಟಿದ್ದವು. ಬಟ್ಟಲಲ್ಲಿದ್ದದ್ದಕ್ಕೆ ಒಂದು ಗೀರೂ ಇಲ್ಲ. ಅಂದರೆ ನಾನು ಬೀಗ ಹಾಕಿ ಬೆನ್ನು ತಿರುಗಿಸಿದ ಕ್ಷಣವೇ ಯಾರೋ ಅದನ್ನು ಎತ್ತಿ ಮುಳುಗಿಸಿರಬೇಕು.

ಹೊರಗೆ ದೊಡ್ಡಮ್ಮ ಬತ್ತಿ ಹೊಸೆಯುತ್ತ ಕುಳಿತಿದ್ದರು. ಎದುರು ಹೋಗಿ ನಿಂತು ಕೇಳಿದೆ.

"ದೊಡ್ಡಮ್ಮ, ಒಳಗ ಯಾರರ ಬಂದಿದ್ರೇನು?"

"ಬೀಗ ನೀನ ಹಾಕ್ಕೊಂಡು ಹೋಗಿಯಲ್ಲೋ ತಮ್ಮಾ. ಯಾರು ಬರ್ತಾರ?"

"ಮತ್ತ ದೊಡ್ಡಪ್ಪನ ಬಟ್ಟಲಾ ಒಳಗ ಹೆಂಗ ಬಂತು? ನೀರು ತುಂಬಿ ತುಳಸಿ ಹಾಕ್ಯಾರ!"

ಹೊಸೆಯುತ್ತಿದ್ದ ಕೈ ನಿಂತಿತು. ಸೆರಗಿನಿಂದ ಕಣ್ಣೊರೆಸಿಕೊಂಡು, "ಹಂಗಾರ ಅವರ ಇಟ್ಟಾರ. ತೆಗೀಬ್ಯಾಡ. ಹಂಗ ಒಯ್ಯಿ" ಎಂದರು.

ಬೇರೆ ದಿನವಾಗಿದ್ದರೆ ಗೇಲಿ ಮಾಡುತ್ತಿದ್ದೆ. ಅವತ್ತು ಆ ಹರಳನ್ನು ಮತ್ತೆ ಒಣಗಿಸಲು ನನ್ನ ಕೈ ಏಳಲಿಲ್ಲ; ಅದು ಭಕ್ತಿಯಲ್ಲ, ಶುದ್ಧ ಹೆದರಿಕೆ. ಬಟ್ಟಲಿನ ತಿಳಿಯ ಸಮೇತ ಹರಳನ್ನು ಗಾಜಿನ ಸೀಸೆಗೆ ಇಳಿಸಿ, ಬಿರಡೆ ಹಾಕಿ, ಮದ್ರಾಸಿನವರೆಗೂ ಕೈಯಲ್ಲೇ ಹಿಡಿದು ಕುಳಿತೆ. ಗುಂತಕಲ್ಲಿನಲ್ಲಿ ಗಾಡಿ ಬದಲಿಸುವಾಗಲೂ ಕೆಳಗಿಡಲಿಲ್ಲ.

ಒದ್ದೆ ಹರಳು ನೋಡಿ ಪ್ರೊಫೆಸರರು ಕೆಂಡವಾದರು. ಕಡೆಯ ಅವಕಾಶ ನನ್ನದಲ್ಲವೇ, ಹೀಗೇ ನೋಡೋಣ ಎಂದು ಅಂಗಲಾಚಿದೆ. ಸಣ್ಣ ಗಾಜಿನ ನಳಿಗೆಯಲ್ಲಿ ಹರಳನ್ನೂ ಒಂದು ಹನಿ ತಿಳಿಯನ್ನೂ ಸೇರಿಸಿ, ಎರಡು ಕಡೆಯೂ ಮುಚ್ಚಿ, ಕಿರಣಕ್ಕೆ ಹಿಡಿದೆವು. ಕತ್ತಲೆಕೋಣೆಯಲ್ಲಿ ಫಿಲ್ಮು ತೊಳೆಯುತ್ತಿದ್ದಾಗ ಮೊದಲು ಒಂದು ಚುಕ್ಕೆ ಎದ್ದಿತು. ಆಮೇಲೆ ಸಾಲು ಸಾಲಾಗಿ, ಅಂಚಿನವರೆಗೂ ಚುಕ್ಕೆಗಳು. ಸಂತೋಷಕ್ಕಿಂತ ಹೆಚ್ಚಾಗಿ ಭಯವಾಗಿತ್ತು. ಇಂಥ ಹರಳಿನ ಜೀವವೆಲ್ಲ ಅದರ ನೀರಿನಲ್ಲೇ ಇದೆ, ಒಣಗಿಸಿದರೆ ಒಳಗಿನ ಜೋಡಣೆ ಕುಸಿಯುತ್ತದೆ ಎಂಬುದು ಆಗ ವಿಲಾಯತಿಯಲ್ಲೇ ಹೊಸ ಮಾತು, ನಮ್ಮವರೆಗೆ ಇನ್ನೂ ಬಂದಿರಲಿಲ್ಲ. ಆ ಕಿಣ್ವದ ಪೂರ್ತಿ ರಚನೆ ಬಿಡಿಸಲು ಹೊರದೇಶದವರಿಗೆ ಮುಂದೆ ಎಷ್ಟೋ ವರ್ಷ ಹಿಡಿಯಿತು. ನನಗೆ ಮಾತ್ರ ಗುಮಾಸ್ತೆ ಕುರ್ಚಿ ತಪ್ಪಿತು.

ನಾನೇ ಮರೆವಿನಲ್ಲಿ ಮಾಡಿದೆನೇ? ದೊಡ್ಡಮ್ಮನ ಹತ್ತಿರ ಇನ್ನೊಂದು ಬೀಗದ ಕೈ ಇತ್ತೇ? ಹಾಗೇ ಇರಲಿ, ಬಂಡೆಯ ಮೇಲೆ ಒಣಗಿದ ತಿಳಿಯನ್ನು ಬಟ್ಟಲಿಗೆ ತುಂಬಿದವರು ಯಾರು? ಇಲ್ಲಿಗೆ ಬಂದು ನಿಲ್ಲುತ್ತೇನೆ, ಪ್ರತಿ ಸಲವೂ.

ಆ ದಿನ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಪ್ರೊಫೆಸರರು ಕೇಳಿದರು:

"ಒದ್ದೆಯಾಗಿಯೇ ಇಡಬೇಕೆಂದು ನಿನಗೆ ಯಾರು ಹೇಳಿದರು?"

"ನಮ್ಮ ದೊಡ್ಡಪ್ಪ."

"ಹೌದೇ? ಅವರು ಯಾವ ಲ್ಯಾಬೊರೇಟರಿಯಲ್ಲಿದ್ದಾರೆ?"

"ಈಗ ಇಲ್ಲ ಸರ್" ಎಂದೆ. ಅಂದದ್ದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ.